ನೂರ ತೊಂಬತ್ತೈದನೆಯ ಬೆಳಗಿನ ಮೌನ

ಬೆಳಗಿನ ಮೊದಲ ಮಾತು ದೇವರಿಗೆ ಸಲ್ಲಬೇಕು, ಅದು ಸಲ್ಲುವ ತನಕ ಮನುಷ್ಯರೊಡನೆ ಮಾತಿಲ್ಲ ಎಂಬ ನಿಯಮವನ್ನು ನನಗೆ ಕಲಿಸಿದವರು ಹೊಸನಗರ ತಾಲ್ಲೂಕಿನ ಒಂದು ಸಣ್ಣ ಊರಿನ ಇಗರ್ಜಿಯನ್ನು ನೋಡಿಕೊಳ್ಳುತ್ತಿದ್ದ ವೃದ್ಧ ಉಪದೇಶಿಗಳು. ಅರವತ್ತರ ದಶಕದ ಉತ್ತರಾರ್ಧ ಅದು. ನನಗೆ ಆಗ ಇಪ್ಪತ್ತೇಳು ವರ್ಷ. ಆ ನಿಯಮವನ್ನು ತಿಂಗಳುಗಟ್ಟಲೆ ಒಂದು ದಿನವೂ ಮುರಿಯದೆ ನಡೆಸಿದ ವರ್ಷವನ್ನೇ ನಾನು ಇಂದಿಗೂ ಭಯದಿಂದ ನೆನೆಯುತ್ತೇನೆ. ಮುರಿದ ವರ್ಷಗಳು ಹಲವಿವೆ. ಅವುಗಳ ಬಗ್ಗೆ ನಾಚಿಕೆಯಿದೆ, ಭಯವಿಲ್ಲ.

ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿಯಲ್ಲಿ. ಘಟ್ಟದ ಕೆಳಗಿನಿಂದ ಬಂದು ಬಡಗಿಯಾಗಿ ನೆಲೆಸಿದ ನನ್ನ ತಂದೆ, ಮಗನ ಕೈಗೆ ಉಳಿ ಬರುವುದು ಬೇಡವೆಂದು, ತುಂಗೆಯ ದಂಡೆಯಲ್ಲಿದ್ದ ಒಬ್ಬ ವಿದ್ವಾಂಸರ ಜಗಲಿಯಲ್ಲಿ ನನ್ನನ್ನು ಕೂರಿಸಿದರು. ಆ ಮಹನೀಯರು ನಿತ್ಯಕರ್ಮವನ್ನು ಬಿಡದ ಬ್ರಾಹ್ಮಣರು. ಕ್ರೈಸ್ತರ ಹುಡುಗನೊಬ್ಬನಿಗೆ ಹಳಗನ್ನಡವನ್ನೂ ಛಂದಸ್ಸನ್ನೂ ತಕ್ಕಮಟ್ಟಿನ ಸಂಸ್ಕೃತವನ್ನೂ ವರ್ಷಗಟ್ಟಲೆ ಕಲಿಸಿದರು. ನನ್ನ ಕೊರಳಿನ ಶಿಲುಬೆಯ ವಿಷಯವನ್ನು ಒಮ್ಮೆಯೂ ಎತ್ತಲಿಲ್ಲ. ಅವರಿಂದ ನನಗೆ ವಿದ್ಯೆಯ ಜೊತೆಗೆ ಎಣಿಕೆಯ ಚಟವೂ ಬಂತು. ವೃತ್ತದ ಒಂದು ಪಾದದಲ್ಲಿ ಗುರು ಇರಬೇಕಾದ ಕಡೆ ಲಘು ಬಂದರೆ ಪದ್ಯವೇ ಕೆಟ್ಟಿತು. ಉಳಿದ ಮೂರು ಪಾದಗಳು ಎಷ್ಟೇ ಸೊಗಸಾಗಿದ್ದರೂ ಅದನ್ನು ಹಲಗೆಯಿಂದ ಒರೆಸಿಬಿಡಬೇಕು. ಪದ್ಯಕ್ಕೆ ಸರಿಯಾದ ಈ ಮಾತು ಬದುಕಿಗೂ ಸರಿಯೆಂದು ನಾನು ನಂಬಿದ್ದೆ.

ಪಂಡಿತ ಪರೀಕ್ಷೆ ಮುಗಿದ ಮೇಲೆ ನನಗೆ ಕೆಲಸ ಸಿಕ್ಕಿದ್ದು ಆ ಊರಿನ ಮಾಧ್ಯಮಿಕ ಶಾಲೆಯಲ್ಲಿ. ಅಲ್ಲಿ ಕ್ರೈಸ್ತರ ಮನೆಗಳು ಹನ್ನೊಂದು. ಕೆಲವರು ಮರ ಕೊಯ್ಯುವ ಕೆಲಸಕ್ಕೆಂದು ಬಂದವರು. ಇನ್ನು ಕೆಲವರು ಶರಾವತಿಯ ಆಣೆಕಟ್ಟಿನಲ್ಲಿ ದುಡಿದು, ಕೆಲಸ ಮುಗಿದ ಮೇಲೆ ಊರಿಗೆ ಮರಳಲಾಗದೆ ಉಳಿದವರು. ಒಂದು ದಿಬ್ಬದ ಮೇಲೆ ಹಂಚಿನ ಮಾಡಿನ ಸಣ್ಣ ಇಗರ್ಜಿ, ಅದರ ಪಕ್ಕದಲ್ಲಿ ಉಪದೇಶಿಗಳ ಎರಡು ಕೋಣೆ, ಅದಕ್ಕೆ ತಾಗಿ ನನ್ನ ಬಾಡಿಗೆಯ ಕೋಣೆ. ಪೂಜೆ ಅರ್ಪಿಸಲು ಪಾದ್ರಿ ಸ್ವಾಮಿಗಳು ಸಾಗರದಿಂದ ತಿಂಗಳಿಗೆ ಎರಡು ಭಾನುವಾರ ಬರುತ್ತಿದ್ದರು. ಲ್ಯಾಟಿನ್ ಪೂಜೆ ಹೋಗಿ ಕನ್ನಡದ ಪೂಜೆ ಆಗತಾನೆ ಬಂದಿದ್ದ ಕಾಲ. ಉಳಿದ ದಿನಗಳಲ್ಲಿ ಆ ಹನ್ನೊಂದು ಮನೆಗಳ ಧರ್ಮವೆಲ್ಲ ಉಪದೇಶಿಗಳ ಕೊರಳಿನಲ್ಲಿತ್ತು.

ಅವರಿಗೆ ಎಪ್ಪತ್ತು ದಾಟಿತ್ತು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಗಂಟೆ ಕೊಳ್ಳುವ ಶಕ್ತಿ ಊರಿಗೆ ಇಲ್ಲದ್ದರಿಂದ ಹಲಸಿನ ಮರಕ್ಕೆ ರೈಲು ಕಂಬಿಯ ಒಂದು ತುಂಡನ್ನು ನೇತುಹಾಕಿ, ದಿನಕ್ಕೆ ಮೂರು ಹೊತ್ತು ಸುತ್ತಿಗೆಯಿಂದ ಬಾರಿಸುತ್ತಿದ್ದರು. ಬೆಳಗಿನ ಪ್ರಾರ್ಥನೆ, ಮಧ್ಯಾಹ್ನ ಆತ್ಮಶೋಧನೆಗೆ ಕಾಲು ಗಂಟೆ, ಸಂಜೆ ಜಪಸರ. ಜ್ವರ ಬಂದ ದಿನ ಕುಳಿತು ಬಾರಿಸುತ್ತಿದ್ದರು. ಒಮ್ಮೆ ಯಾರೂ ಬಾರದ ದಿನ ಒಬ್ಬರೇ ಮೊಣಕಾಲೂರಿ, ಸಭೆ ಹೇಳಬೇಕಾದ ಉತ್ತರಗಳನ್ನೂ ತಾವೇ ಹೇಳಿ ಮುಗಿಸಿದ್ದನ್ನು ನಾನು ಕಿಟಕಿಯಿಂದ ಕಂಡೆ.

ನನ್ನ ಭಕ್ತಿ ಹಾಗಿರಲಿಲ್ಲ. ಅದು ಬಂದಾಗ ಕಣ್ಣೀರಾಗಿ ಬರುತ್ತಿತ್ತು, ಹೋದಾಗ ವಾರಗಟ್ಟಲೆ ಸುಳಿವಿರುತ್ತಿರಲಿಲ್ಲ. ಒಂದು ಸಂಜೆ ಅವರ ಮುಂದೆ ಕುಳಿತು, ನನಗೂ ಒಂದು ಕ್ರಮ ಕಟ್ಟಿಕೊಡಬೇಕೆಂದು ಕೇಳಿಕೊಂಡೆ. ಅವರು ತಂಬಾಕಿನ ಚೀಲ ಬಿಚ್ಚುತ್ತಾ ನನ್ನನ್ನು ನೋಡಿದರು.

“ಮನಸ್ಸು ಬಂದಾಗ ಬರೋದು ನೆಂಟಸ್ತನ, ಪಂಡಿತರೇ. ಮನೆಮಂದಿ ಹಂಗಲ್ಲ. ಸಿಟ್ಟಿದ್ರೂ ಬಂದು ಉಣ್ತಾರೆ. ನೀವು ನೆಂಟರೋ ಮನೆಯವರೋ ಹೇಳಿ, ಆಮೇಲೆ ನೋಡಾಣ.”

ಆ ವರ್ಷದ ವಿಭೂತಿ ಬುಧವಾರ, ಫೆಬ್ರವರಿಯಲ್ಲಿ ನಮ್ಮ ಉಪವಾಸದ ಕಾಲ ಮೊದಲಾದ ದಿನ, ನನ್ನ ಕ್ರಮ ಆರಂಭವಾಯಿತು. ಬೆಳಕು ಹರಿಯುವ ಮೊದಲೇ ಏಳುವುದು, ಹಳ್ಳಕ್ಕೆ ಹೋಗಿ ಮೀಯುವುದು, ಬೈಬಲ್ಲಿನ ಒಂದು ಕೀರ್ತನೆಯನ್ನು ಮನಸ್ಸಿನಲ್ಲೇ ಓದುವುದು, ಇಗರ್ಜಿಯ ಪ್ರಾರ್ಥನೆ ಮುಗಿಯುವ ತನಕ ಮಾತನಾಡದಿರುವುದು. ಸೆಪ್ಟೆಂಬರಿನಲ್ಲಿ ಬರುವ ತೆನೆ ಹಬ್ಬದವರೆಗೆ, ಎಂದರೆ ದೇವಮಾತೆಯ ಜನ್ಮದಿನಕ್ಕೆ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೊಯ್ಯುವ ಆ ಹಬ್ಬದವರೆಗೆ, ಒಂದು ದಿನವೂ ತಪ್ಪಿಸುವುದಿಲ್ಲವೆಂದು ನಾನು ಪೀಠದ ಮುಂದೆ ಹರಕೆ ಹೊತ್ತೆ. ಗೋಡೆಯ ಮೇಲೆ ಇದ್ದಿಲಿನಿಂದ ದಿನಕ್ಕೊಂದು ಗೆರೆ ಎಳೆದೆ. ಐವತ್ತಾಯಿತು, ನೂರಾಯಿತು. ನನ್ನೊಳಗೆ ಏನೋ ನಿಜವಾಗಿಯೂ ಬಲಿಯುತ್ತಿತ್ತು, ಅದನ್ನು ನಾನು ಅಲ್ಲಗಳೆಯಲಾರೆ. ಮಕ್ಕಳ ಮೇಲೆ ಕೈ ಎತ್ತುವುದು ನಿಂತಿತ್ತು. ಪ್ರಾರ್ಥನೆ ಬರಡಾಗಿದ್ದ ದಿನವೂ ಮೊಣಕಾಲು ತಾನಾಗಿ ಬಾಗುತ್ತಿತ್ತು. ಅದರ ಜೊತೆಗೇ ಇನ್ನೊಂದೂ ಬಲಿಯುತ್ತಿತ್ತೆಂಬುದು ಆಗ ನನಗೆ ತಿಳಿಯಲಿಲ್ಲ.

ಅವರು ಕೊಟ್ಟ ನಿಯಮಕ್ಕೆ ನಾನು ನನ್ನದನ್ನು ಸೇರಿಸುತ್ತಾ ಹೋದೆ. ಬಾಯಿ ಮುಚ್ಚಿಕೊಂಡು ಕೈಸನ್ನೆ ಮಾಡಿದರೆ ಅದೂ ಮಾತೇ ಅಲ್ಲವೇ ಎಂದು ತರ್ಕಿಸಿ ಸನ್ನೆಯನ್ನು ಬಿಟ್ಟೆ. ಕಣ್ಣು ಕೂಡ ಉತ್ತರ ಕೊಡುತ್ತದೆಂದು ದೃಷ್ಟಿಯನ್ನು ನೆಲಕ್ಕೆ ಇಳಿಸಿದೆ. ಯಾರಾದರೂ ಎದುರಾದರೆ ಕಲ್ಲಿನ ಕಂಬದಂತೆ ನಿಂತು ಅವರು ಹಾದುಹೋದ ಮೇಲೆ ನಡೆಯುತ್ತಿದ್ದೆ. ಇದು ಉಪದೇಶಿಗಳ ಗಮನಕ್ಕೆ ಬಂತು. ತಾವು ಕೊಟ್ಟದ್ದು ಇಷ್ಟೇ, ಮೇಲಿಂದ ಹೇರಿಕೊಳ್ಳಬಾರದು ಎಂದು ಒಮ್ಮೆ ಹೇಳಿದರು. ವಯಸ್ಸಾದವರ ಸಡಿಲಿಕೆ ಎಂದು ನಾನು ಮನಸ್ಸಿನಲ್ಲೇ ಅವರನ್ನು ಕ್ಷಮಿಸಿದೆ. ಆ ಕ್ಷಮೆಯನ್ನು ಇಂದು ನೆನೆದರೆ ಮೈ ತಣ್ಣಗಾಗುತ್ತದೆ.

ಊರಿನವರು ನನ್ನ ಮೌನವನ್ನು ಗೌರವಿಸಿದರು. ಗೇಲಿ ಮಾಡಿದವಳು ಒಬ್ಬಳೇ. ಹಳ್ಳದ ಆಚೆ ದಡದಲ್ಲಿ ಹಾಸಿಗೆ ಹಿಡಿದ ಅತ್ತೆಯೊಂದಿಗೆ ವಾಸವಾಗಿದ್ದ, ನಲವತ್ತರ ಹತ್ತಿರದ ವಿಧವೆ. ಎಲ್ಲರೂ ಬಾಯಮ್ಮ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ. ನಸುಕಿನಲ್ಲೇ ಹಳ್ಳ ದಾಟಿ ಬಂದು ಇಗರ್ಜಿ ಗುಡಿಸಿ, ತನ್ನ ಹಿತ್ತಲಿನ ಡೇರೆ ಹೂಗಳನ್ನು ದೇವಮಾತೆಯ ಪಾದಕ್ಕೆ ಜೋಡಿಸಿ, ಪ್ರಾರ್ಥನೆ ಮುಗಿಸಿಕೊಂಡು ಮರಳುವುದು ಆಕೆಯ ನಿತ್ಯದ ಕ್ರಮ. ಪ್ರಾರ್ಥನೆಯ ನಡುವೆ ತೂಕಡಿಸುತ್ತಿದ್ದಳು. ಜಪಸರದ ಮಣಿಗಳ ಲೆಕ್ಕ ಯಾವಾಗಲೂ ತಪ್ಪುತ್ತಿತ್ತು. ಪಕ್ಕದವಳ ಕಿವಿಯಲ್ಲಿ ಏನಾದರೂ ಪಿಸುಗುಟ್ಟದೆ ಒಂದು ದಿನವೂ ಕಳೆಯುತ್ತಿರಲಿಲ್ಲ. ನನ್ನನ್ನು ಕಂಡರೆ ಪೊರಕೆ ನಿಲ್ಲಿಸುತ್ತಿದ್ದಳು.

“ಎಂತ ಪಂಡಿತ್ರೇ, ಇವತ್ತೂ ಬಾಯಿಗೆ ಬೀಗವಾ? ಕೀಲಿಕೈ ಉಪದೇಶಿಗಳ ಹತ್ರ ಇದ್ಯಾ, ದೇವ್ರ ಹತ್ರವಾ?”

ನಾನು ನೆಲ ನೋಡಿಕೊಂಡು ಒಳಗೆ ಹೋಗುತ್ತಿದ್ದೆ. ಇಂಥವರ ನಡುವೆ ಸಾಧನೆ ಮಾಡಬೇಕಾಗಿದೆಯಲ್ಲ ಎಂದು ಒಳಗೊಳಗೇ ಮರುಗುತ್ತಿದ್ದೆ. ಒಂದು ಸಂಜೆ ಇದನ್ನು ಬಾಯಿ ಬಿಟ್ಟು ಉಪದೇಶಿಗಳಲ್ಲಿ ಹೇಳಿಯೂಬಿಟ್ಟೆ. ಅವರು ನನಗೆ ತಿಳಿಯದ ಸಂಗತಿಯೊಂದನ್ನು ಹೇಳಿದರು. ಏಳು ವರ್ಷಗಳ ಹಿಂದೆ ಆಕೆಯ ಗಂಡ ಆಣೆಕಟ್ಟಿನ ಕೆಲಸದಲ್ಲಿದ್ದಾಗ ಜ್ವರದಿಂದ ತೀರಿಕೊಂಡ. ಅದಾಗಿ ಒಂದು ತಿಂಗಳಿಗೆ ಆಕೆ ಹಳ್ಳ ತಿರುಗುವಲ್ಲಿರುವ ಮಡುವಿನ ಅಂಚಿನಲ್ಲಿ, ಸೊಂಟಕ್ಕೆ ಸೆರಗು ಬಿಗಿದು ನಿಂತಿದ್ದನ್ನು ಇವರು ಕಂಡರು. ಉಪದೇಶ ಮಾಡುವ ಧೈರ್ಯ ಬರಲಿಲ್ಲವಂತೆ. ನಾಳೆ ಬೆಳಿಗ್ಗೆ ಇಗರ್ಜಿ ಗುಡಿಸಲು ಯಾರೂ ಇಲ್ಲ, ಒಂದು ದಿನ ಬಂದು ಗುಡಿಸಿಕೊಟ್ಟು ಹೋಗು, ಆಮೇಲೆ ನಿನ್ನ ಇಷ್ಟ ಎಂದರಂತೆ. ಆಕೆ ಬಂದಳು. ಹೊರಡುವಾಗ ನಾಳೆಗೂ ಯಾರಿಲ್ಲ ಎಂದರು. ಹೀಗೆ ಏಳು ವರ್ಷ.

“ಅವಳು ಒಂದೊಂದೇ ದಿನಕ್ಕೆ ಬದುಕ್ತಾ ಇದಾಳೆ, ಪಂಡಿತರೇ. ಸಂಕ ದಾಟಿ ಬಂದ್ಲು ಅಂದ್ರೆ ಆ ದಿನ ಗೆದ್ದ ಹಾಗೆ. ನೀವು ಗೆರೆ ಎಳೀತೀರಿ. ಅವಳಿಗೆ ಎಣಿಸೋದಕ್ಕೂ ಹೆದರಿಕೆ.”

ಹಳ್ಳ ದಾಟಲು ಹಾಕುವ ಮರದ ಕಾಲುಸೇತುವೆಯನ್ನು ನಮ್ಮ ಕಡೆ ಸಂಕ ಎನ್ನುತ್ತಾರೆ. ಎರಡು ಬಗನಿ ಮರದ ಕಾಂಡಗಳನ್ನು ಜೊತೆಯಾಗಿ ಹಾಸಿ, ಎರಡೂ ದಡಗಳ ಗೂಟಗಳಿಗೆ ಬೆತ್ತದಿಂದ ಬಿಗಿದು, ಹಿಡಿದುಕೊಳ್ಳಲು ಒಂದು ಬದಿಗೆ ಬೆತ್ತದ ಸಾಲು ಕಟ್ಟಿದ್ದರು. ಮಳೆಗಾಲಕ್ಕೆ ಮುನ್ನ ಕಟ್ಟುಗಳನ್ನು ಹೊಸದಾಗಿ ಬಿಗಿಯುವುದು ವಾಡಿಕೆ. ಆ ವರ್ಷವೂ ಬಿಗಿದಿದ್ದರು. ಆಚೆ ದಡದಲ್ಲಿ ಇದ್ದದ್ದು ಆಕೆಯ ಮನೆಯೊಂದೇ. ಆದ್ದರಿಂದ ದಿನವೂ ಅದರ ಮೇಲೆ ನಡೆಯುತ್ತಿದ್ದದ್ದು ಆಕೆಯ ಎರಡು ಕಾಲುಗಳು ಮಾತ್ರ. ಉಪದೇಶಿಗಳ ಮಾತು ಕೇಳಿದ ಮೇಲೆ ನಾನು ಆ ಸಂಕವನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ನಸುಕಿನಲ್ಲಿ ಅದರ ಮೇಲೆ ಬಿಳಿಯ ಸೆರಗು ಮೂಡುವುದನ್ನು ಕಾಯುತ್ತಿದ್ದೆ. ಒಂದು ದಿನ ಮೂಡದಿದ್ದರೆ ಎಂಬ ಯೋಚನೆ ಬಂದಾಗಲೆಲ್ಲ ಕೀರ್ತನೆಯ ಸಾಲು ತಪ್ಪುತ್ತಿತ್ತು.

ತೆನೆ ಹಬ್ಬಕ್ಕೆ ಒಂಬತ್ತು ದಿನಗಳ ಮುಂಚಿನಿಂದ ದೇವಮಾತೆಗೆ ಹೂ ಅರ್ಪಿಸುವ ವಿಶೇಷ ಪ್ರಾರ್ಥನೆ ನಡೆಯುತ್ತದೆ. ಅದರ ಏಳನೆಯ ದಿನ, ನನ್ನ ಗೋಡೆಯ ಲೆಕ್ಕದಲ್ಲಿ ನೂರ ತೊಂಬತ್ತೈದನೆಯ ದಿನ. ಮಳೆ ನಿಂತು ನಾಲ್ಕು ದಿನವಾಗಿತ್ತು. ಆದರೆ ಮೇಲಿನ ಕಾಡಿನ ನೀರು ಇಳಿಯುತ್ತಲೇ ಇದ್ದುದರಿಂದ ಹಳ್ಳ ಕೆಂಪಾಗಿ, ತುಂಬಿ, ಸದ್ದೇ ಇಲ್ಲದೆ ಹರಿಯುತ್ತಿತ್ತು. ಸದ್ದು ಮಾಡುವ ಹಳ್ಳಕ್ಕೆ ನಾವು ಹೆದರುವುದಿಲ್ಲ. ಕಲ್ಲುಗಳೆಲ್ಲ ಮುಳುಗಿದ ಮೇಲೆ ಹಳ್ಳಕ್ಕೆ ಸದ್ದಿರುವುದಿಲ್ಲ.

ಆ ಬೆಳಿಗ್ಗೆ ನಾನು ಎದ್ದದ್ದು ತುಸು ತಡವಾಯಿತು. ಲಾಟೀನು ಹಿಡಿದು ಹಳ್ಳಕ್ಕೆ ಇಳಿಯುವಾಗ ಆಕೆ ಆಗಲೇ ದಾಟಿ ಬಂದು ದಿಬ್ಬದ ಮೇಲೆ ಇಗರ್ಜಿಯ ಬಾಗಿಲು ತೆರೆಯುತ್ತಿದ್ದಳು. ಬಗ್ಗಿ ನೀರು ಮುಟ್ಟಿದಾಗ ಪಕ್ಕದಲ್ಲಿ ಒಂದು ಸಣ್ಣ ಕಿರುಗುಟ್ಟುವಿಕೆ ಕೇಳಿಸಿತು. ಲಾಟೀನನ್ನು ಆ ಕಡೆ ಹಿಡಿದೆ. ನಮ್ಮ ದಡದ ಗೂಟದ ಬುಡವನ್ನು ನೀರು ಕೊರೆದಿತ್ತು; ಗೂಟ ಓರೆಯಾಗಿ ಬೆತ್ತದ ಕಟ್ಟು ಮೇಲಕ್ಕೆ ಜಾರಿತ್ತು. ಒಂದು ಕಾಂಡ ಇನ್ನೊಂದರಿಂದ ಗೇಣುದ್ದ ಸರಿದು, ನೀರು ತಳ್ಳಿದಾಗ ಹೊರಳುತ್ತಿತ್ತು. ಕುಕ್ಕುರುಗಾಲಿನಲ್ಲಿ ಕುಳಿತು ಬೆರಳಿನಿಂದ ಕಟ್ಟನ್ನು ಮುಟ್ಟಿದೆ. ಅದು ಬೆರಳಿಗೇ ಅಲುಗಿತು. ಒಬ್ಬನಿಂದ ಬಿಗಿಯುವ ಕೆಲಸ ಅದಾಗಿರಲಿಲ್ಲ.

ಆಗ ನನ್ನ ಮನಸ್ಸಿನಲ್ಲಿ ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ. ಆಕೆ ದಾಟಿ ಬಂದಾಗಿದೆ. ಮರಳುವುದು ಪ್ರಾರ್ಥನೆ ಮುಗಿದ ಮೇಲೆ. ಆ ಹೊತ್ತಿಗೆ ನನ್ನ ಮೌನವೂ ಮುಗಿದಿರುತ್ತದೆ. ಆಗ ಎಲ್ಲರಿಗೂ ಹೇಳಿದರೆ ನಾಲ್ಕು ಜನ ಸೇರಿ ಕಟ್ಟುತ್ತಾರೆ. ಯಾರಿಗೂ ನಷ್ಟವಿಲ್ಲ, ಹರಕೆಗೂ ಭಂಗವಿಲ್ಲ. ತರ್ಕದಲ್ಲಿ ಒಂದು ಮಾತ್ರೆಯೂ ಹೆಚ್ಚುಕಡಿಮೆ ಇರಲಿಲ್ಲ. ನಾನು ಮಿಂದು, ಬಟ್ಟೆ ಹಿಂಡಿಕೊಂಡು, ದಿಬ್ಬ ಹತ್ತಿ, ಇಗರ್ಜಿಯ ಹಿಂಬದಿಯಲ್ಲಿ ಬಾಗಿಲ ಪಕ್ಕದ ನನ್ನ ಎಂದಿನ ಜಾಗದಲ್ಲಿ ಮೊಣಕಾಲೂರಿದೆ.

ಕಂಬಿಯ ಸದ್ದಾಯಿತು. ಹದಿನೈದು ಇಪ್ಪತ್ತು ಜನ ಸೇರಿದರು. ಪ್ರಾರ್ಥನೆ ಎಂದಿಗಿಂತ ದೀರ್ಘವಾಗಿತ್ತು. ಜಪಸರದ ಬಳಿಕ ದೇವಮಾತೆಯ ಮನವಿಮಾಲೆ ಆರಂಭವಾಯಿತು. ಉಪದೇಶಿಗಳು ಒಂದೊಂದು ಬಿರುದನ್ನು ಹೇಳಿದಂತೆ ನಮಗಾಗಿ ಪ್ರಾರ್ಥಿಸಿರಿ ಎಂದು ಸಭೆ ಉತ್ತರಿಸಬೇಕು. ಅರ್ಧ ದಾಟಿತ್ತು. ಹೆಂಗಸರ ಸಾಲಿನಿಂದ ಆಕೆ ಎದ್ದಳು. ಅತ್ತೆಗೆ ರಾತ್ರಿಯಿಂದ ಮೈ ಕಾಯುತ್ತಿದೆ, ಬೇಗ ಹೋಗಬೇಕು ಎಂದು ಪಕ್ಕದವಳಿಗೆ ಹೇಳಿದ್ದು ನನಗೂ ಕೇಳಿಸಿತು. ಬಾಗಿಲ ಬಳಿ ಬಂದವಳು ಮುಂದೆ ಹೋಗದೆ, ನನ್ನ ಭುಜದ ಹತ್ತಿರಕ್ಕೆ ಬಗ್ಗಿದಳು. ಆ ದಿನ ದನಿಯಲ್ಲಿ ಗೇಲಿ ಇರಲಿಲ್ಲ.

“ಪಂಡಿತ್ರೇ, ಬರುವಾಗ ಸಂಕ ಒಂಚೂರು ಅಲುಗಿದ ಹಾಗಾಯ್ತು. ಗಟ್ಟಿ ಇದ್ಯಾ?”

ನಾನು ನೆಲ ನೋಡಿದೆ. ಸಗಣಿ ಸಾರಿಸಿದ ನೆಲದ ಮೇಲೆ ಆಕೆಯ ಒದ್ದೆ ಹೆಜ್ಜೆಯ ಗುರುತಿತ್ತು. ಮನವಿಮಾಲೆಯಲ್ಲಿ ಇನ್ನು ಎಷ್ಟು ಬಿರುದುಗಳಿವೆಯೆಂದು ನನ್ನ ಮನಸ್ಸು ಎಣಿಸುತ್ತಿತ್ತು. ಹದಿನಾಲ್ಕು, ಬಳಿಕ ಒಂದು ಸಣ್ಣ ಪ್ರಾರ್ಥನೆ, ಅಷ್ಟೇ. ಆಕೆ ದಡ ತಲುಪುವ ಮೊದಲೇ ಮುಗಿಯಬಹುದು. ಮುಗಿದ ಕೂಡಲೇ ಓಡಿಹೋಗಿ ಕೂಗಬಹುದು. ಸಭೆಯೊಡನೆ ನನ್ನ ತುಟಿಗಳು ಉತ್ತರ ಹೇಳುತ್ತಲೇ ಇದ್ದವು. ದೇವರೊಡನೆ ಆಡುವ ಮಾತಿಗೆ ಅಡ್ಡಿಯಿರಲಿಲ್ಲವಲ್ಲ.

ಆಕೆ ಮೂರು ಬಿರುದುಗಳಷ್ಟು ಹೊತ್ತು ಕಾದಳು.

“ಹೂಂ, ಇರಲಿ ಬಿಡಿ. ನಿಮ್ಮ ವ್ರತ ಕೆಡೋದು ಬೇಡ,” ಎಂದು ಹೇಳಿ ಮೆಟ್ಟಿಲಿಳಿದಳು.

ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಕಂಡೂ ಬದಿಗೆ ಸರಿದು ಹೋದ ದೇವಾಲಯದವರ ಸಾಮತಿಯನ್ನು, ಯೇಸು ಹೇಳಿದ ಆ ದೃಷ್ಟಾಂತ ಕಥೆಯನ್ನು, ನಾನು ಪ್ರತಿ ಭಾನುವಾರದ ಧರ್ಮೋಪದೇಶದಲ್ಲಿ ಮಕ್ಕಳಿಗೆ ಹೇಳುತ್ತಿದ್ದೆ. ಅವರು ಕಲ್ಲೆದೆಯವರೆಂದು ವಿವರಿಸುತ್ತಿದ್ದೆ. ಅವರ ಬಳಿಯೂ ಒಂದು ಒಳ್ಳೆಯ ತರ್ಕ ಇದ್ದಿರಬೇಕೆಂದು ನನಗೆ ಹೊಳೆದಿರಲಿಲ್ಲ.

ಇನ್ನು ಐದು ಬಿರುದುಗಳು ಉಳಿದಿದ್ದವು. ಕೂಗು ಕೇಳಿಸಲಿಲ್ಲ. ಬೆತ್ತ ಕಿತ್ತುಹೋದ ಒಂದು ಒಣ ಸದ್ದು, ಅದರ ಹಿಂದೆ ಮರಕ್ಕೆ ಮರ ತಾಗಿದ ಸದ್ದು. ಹಲಸಿನ ಮರದ ಕಾಗೆಗಳು ಒಮ್ಮೆಲೆ ಎದ್ದವು. ಉಪದೇಶಿಗಳು ಬಿರುದಿನ ಅರ್ಧದಲ್ಲಿ ನಿಂತರು. ಅಷ್ಟು ವರ್ಷಗಳಲ್ಲಿ ಅವರು ಪ್ರಾರ್ಥನೆಯನ್ನು ಅರ್ಧಕ್ಕೆ ನಿಲ್ಲಿಸಿದ್ದನ್ನು ಕಂಡವರಿಲ್ಲ. ನಾನು ಎದ್ದು ನಿಂತಿದ್ದೆ. ಸಂಕದ ಕಟ್ಟು ಜಾರಿದೆ, ಕಟ್ಟು ಜಾರಿದೆ ಎಂದು ನನ್ನ ಬಾಯಿ ಹೇಳುತ್ತಿತ್ತು. ಗಂಡಸರು ನನ್ನನ್ನು ತಳ್ಳಿಕೊಂಡು ಹೊರಗೆ ಓಡಿದರು. ಉಪದೇಶಿಗಳು ಮಾತ್ರ ನನ್ನ ಮುಂದೆ ಒಂದು ಗಳಿಗೆ ನಿಂತು ಮುಖ ನೋಡಿದರು.

ಹಳ್ಳ ತಿರುಗುವಲ್ಲಿ, ಆ ಮಡುವಿಗೆ ಇಪ್ಪತ್ತು ಮಾರು ಮೇಲೆ, ದಡದಿಂದ ಬಾಗಿದ ವಾಟೆ ಬಿದಿರಿನ ಹಿಂಡಿಲಿಗೆ ಆಕೆ ಸಿಕ್ಕಿಕೊಂಡಿದ್ದಳು. ಹೊರಳಿದ ಕಾಂಡ ಸೊಂಟದ ಮೇಲೆ ಒರಗಿತ್ತು. ಮೂವರು ನೀರಿಗಿಳಿದು ಎತ್ತಿದರು. ಕಣ್ಣು ತೆರೆದೇ ಇತ್ತು. ಕಂಬಳಿಯ ಜೋಲಿ ಕಟ್ಟಿ ರಸ್ತೆಗೆ ಹೊತ್ತು, ಮರ ಸಾಗಿಸುವ ನಾಟಾ ಲಾರಿಯೊಂದರಲ್ಲಿ ಸಾಗರದ ಆಸ್ಪತ್ರೆಗೆ ಕೊಂಡೊಯ್ದರು. ಜೋಲಿಯ ಒಂದು ತುದಿಯನ್ನು ನಾನೂ ಹೊತ್ತಿದ್ದೆ. ನನ್ನ ತಲೆಯ ಹಿಂದೆಯೇ ಆಕೆಯ ಉಸಿರು ಕೇಳುತ್ತಿತ್ತು.

ಅಂದು ಸಂಜೆ ಉಪದೇಶಿಗಳ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಮುಖ ತಿರುಗಿಸಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

“ಬಾಯಿ ಮುಚ್ಚೋದು ನಾನು ಕಲಿಸಿದ್ದು. ಅದರ ಪಾಲು ನನಗಿದೆ,” ಎಂದರು. “ಕಿವಿ ಮುಚ್ಚೋದು ನೀವೇ ಸೇರಿಸ್ಕೊಂಡಿದ್ದು.”

ಎರಡು ವಾರದ ಬಳಿಕ ಸ್ವಾಮಿಗಳು ಬಂದಾಗ ಪಾಪನಿವೇದನೆ ಮಾಡಿಕೊಂಡೆ. ಅವರು ಪಾಪಕ್ಷಮೆ ನೀಡಿ, ಪ್ರಾಯಶ್ಚಿತ್ತವಾಗಿ ಜಪವನ್ನೇನೂ ವಿಧಿಸಲಿಲ್ಲ. ಆಕೆ ಮರಳಿ ಬಂದ ಮೇಲೆ ಆಕೆಗೇ ಹೇಳಬೇಕು ಎಂದರು, ಅಷ್ಟೇ. ಇನ್ನೂರು ಜಪಸರ ವಿಧಿಸಿದ್ದರೆ ಸಂತೋಷದಿಂದ ಮಾಡುತ್ತಿದ್ದೆ.

ಆಕೆ ಮರಳಿದ್ದು ಎರಡು ತಿಂಗಳ ಬಳಿಕ. ಸೊಂಟದ ಎಲುಬು ಕೂಡಿತ್ತು, ಆದರೆ ಓರೆಯಾಗಿ. ಕೋಲು ಹಿಡಿದು ಜಗಲಿಯ ತನಕ ನಡೆಯಬಹುದು. ಸಂಕ ದಾಟುವುದು ಇನ್ನು ಈ ಜನ್ಮಕ್ಕಿಲ್ಲ. ಅಷ್ಟರಲ್ಲಿ ಹೊಸ ಸಂಕ ಹಾಕಿದ್ದರು. ಅತ್ತೆಯನ್ನು ಹನ್ನೊಂದು ಮನೆಯವರು ಸರದಿಯ ಮೇಲೆ ನೋಡಿಕೊಂಡಿದ್ದರು. ಬೆಳಗಿನ ಸರದಿಯನ್ನು ನಾನು ಕೇಳಿ ಪಡೆದಿದ್ದೆ. ಆಕೆ ಬಂದ ಮೇಲೂ ಬಿಡಲಿಲ್ಲ. ನಸುಕಿನಲ್ಲಿ ಸಂಕ ದಾಟಿ ಹೋಗುವುದು, ಒಲೆ ಹೊತ್ತಿಸಿ ಗಂಜಿಗೆ ಇಡುವುದು, ಇಬ್ಬರ ನಡುವೆ ಮೊಣಕಾಲೂರಿ ಬೆಳಗಿನ ಪ್ರಾರ್ಥನೆ ಹೇಳುವುದು. ಪಂಡಿತರು ದೇವರಂಥವರು ಎಂದು ಊರು ಹೇಳತೊಡಗಿತು. ಆಕೆಗೆ ನಿಜವನ್ನು ಇಂದು ಹೇಳುತ್ತೇನೆ ಎಂದು ಹೊರಡುತ್ತಿದ್ದೆ, ನಾಳೆ ಹೇಳೋಣ ಎಂದು ಮರಳುತ್ತಿದ್ದೆ. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ಎರಡನೆಯ ವಾರವೂ ಬಂತು.

ನಾನು ಹೆದರಿದ್ದು ಆಕೆಯ ಕೋಪಕ್ಕೆ. ಆದರೆ ಆ ಮನೆಯಲ್ಲಿ ಅದಕ್ಕಿಂತ ಭೀಕರವಾದದ್ದೊಂದು ಬೆಳೆಯುತ್ತಿತ್ತು. ಆಕೆ ಮಾತು ಬಿಟ್ಟಿದ್ದಳು. ಗೇಲಿಯಿಲ್ಲ, ಪಿಸುಮಾತಿಲ್ಲ. ಪ್ರಾರ್ಥನೆಯ ಹೊತ್ತಿಗೆ ಕಣ್ಣು ತೆರೆದು ಕುಳಿತಿರುತ್ತಿದ್ದಳು, ಉತ್ತರ ಹೇಳುತ್ತಿರಲಿಲ್ಲ. ಹಿತ್ತಲಿನ ಡೇರೆ ಗಿಡಗಳು ಒಣಗಿದ್ದವು. ಉಳಿದ ಹೊತ್ತೆಲ್ಲ ಜಗಲಿಯ ಕಂಬಕ್ಕೆ ಒರಗಿ, ಹಳ್ಳ ತಿರುಗುವ ಕಡೆಗೇ ನೋಟ. ಒಂದು ಬೆಳಿಗ್ಗೆ ಜಗಲಿಯಿಂದ ಮಡುವಿನ ದಾರಿಯ ಕಡೆಗೆ ಕೋಲಿನ ಗುರುತು ಮೂಡಿದ್ದನ್ನು ಕಂಡೆ. ಹತ್ತು ಹೆಜ್ಜೆ ಹೋಗಿ ತಿರುಗಿತ್ತು. ಮರುದಿನ ಹದಿನೈದು ಹೆಜ್ಜೆ. ಉಪದೇಶಿಗಳಿಗೆ ಇದನ್ನು ಹೇಳಿದಾಗ ಅವರು ತಂಬಾಕಿನ ಚೀಲವನ್ನು ಬದಿಗಿಟ್ಟರು. ತಮಗೆ ಸಂಕ ದಾಟುವ ವಯಸ್ಸಲ್ಲ, ದಾಟಬಲ್ಲವರು ಬಾಯಿ ಬಿಡುತ್ತಿಲ್ಲ ಎಂದು ಮಾತ್ರ ಹೇಳಿದರು.

ಮರುದಿನ ಹೇಳಿದೆ. ಗಂಜಿ ಕುದಿಯುತ್ತಿತ್ತು, ಅತ್ತೆ ನಿದ್ದೆಯಲ್ಲಿದ್ದರು. ಪ್ರಾರ್ಥನೆಯ ಮೊದಲೇ ಹೇಳಬೇಕೆಂದು ನಿಶ್ಚಯಿಸಿಕೊಂಡು ಬಂದಿದ್ದೆ. ದೇವರ ಹೆಸರಿನ ಹಿಂದೆ ಅಡಗಲು ಇನ್ನೊಂದು ಅವಕಾಶ ಸಿಗಬಾರದೆಂದು. ಕಟ್ಟು ಜಾರಿದ್ದನ್ನು ಆ ಬೆಳಿಗ್ಗೆ ಕಣ್ಣಾರೆ ನೋಡಿದ್ದೆ, ಕೇಳಿದಾಗ ಸುಮ್ಮನಿದ್ದೆ ಎಂದೆ.

“ನೀವು ನೋಡಿದ್ದು ನಂಗೊತ್ತು,” ಎಂದಳು. “ಹೂ ಇಡ್ತಾ ಇದ್ದೆ, ಬಾಗ್ಲಿಂದ ಕಂಡೆ. ನಿಮ್ಮ ಲಾಟೀನು ಕಟ್ಟಿನ ಹತ್ರವೇ ಬಗ್ಗಿ ನಿಂತಿತ್ತಲ್ಲ. ಅದಕ್ಕೇ ನಿಮ್ಮನ್ನ ಕೇಳಿದ್ದು. ನೋಡಿದವರು ಹೇಳ್ಲಿಲ್ಲ, ಹಂಗಾರೆ ಗಟ್ಟಿ ಇದೆ ಅಂತ ನಡೆದೆ.”

ನನ್ನ ಮೌನದಲ್ಲಿ ಉತ್ತರವೇ ಇಲ್ಲವೆಂದು ನಾನು ತಿಳಿದಿದ್ದೆ. ಆಕೆ ಅದರಲ್ಲಿ ಉತ್ತರವನ್ನು ಓದಿಕೊಂಡು, ಅದನ್ನು ನಂಬಿ, ಅದರ ಮೇಲೆ ಹೆಜ್ಜೆ ಇಟ್ಟಿದ್ದಳು.

ಆಕೆ ಮಾತು ಮುಂದುವರಿಸಿದಳು. ಮೂರು ತಿಂಗಳಿನಿಂದ ಒಳಗೆ ಕೊಳೆಯುತ್ತಿದ್ದದ್ದು ತುಂಡುತುಂಡಾಗಿ ಹೊರಗೆ ಬಂತು. ಪಂಡಿತರು ನೋಡಿ ಗಟ್ಟಿಯಿದೆ ಎಂದು ಬಿಟ್ಟ ಸಂಕ ತನ್ನ ಕಾಲ ಕೆಳಗೆ ಮುರಿಯಬೇಕಾದರೆ ಅದು ದೇವರ ಕೈಯೇ ಇರಬೇಕು. ಏಳು ವರ್ಷ ಗುಡಿಸಿಕೊಂಡು ಬಂದವಳನ್ನು ದೇವಮಾತೆಯ ಒಂಬತ್ತು ದಿನಗಳ ಪ್ರಾರ್ಥನೆಯ ನಡುವೆಯೇ ಆತ ಎತ್ತಿ ಎಸೆದ ಎಂದರೆ, ಆ ಮಡುವೇ ನಿನ್ನ ಜಾಗ ಎಂದು ಹೇಳಿದ ಹಾಗಲ್ಲವೇ. ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಇದೇ ಯೋಚನೆ, ಜಗಲಿಯಲ್ಲಿ ಕುಳಿತಾಗಲೂ ಇದೇ. ಮಡುವಿನ ಕಡೆಗೆ ದಿನಕ್ಕೆ ಐದು ಹೆಜ್ಜೆಯಂತೆ ಅಭ್ಯಾಸ ಮಾಡುತ್ತಿದ್ದೆ ಎಂದೂ ಹೇಳಿದಳು. ಅಭ್ಯಾಸ ಎಂಬ ಮಾತನ್ನು ಆಕೆ ಬಹಳ ಸಹಜವಾಗಿ ಆಡಿದಳು.

ಬಳಿಕ ನನ್ನ ಕಡೆ ತಿರುಗಿದಳು. ಕಣ್ಣಿನಲ್ಲಿ ಮೂರು ತಿಂಗಳಿನಿಂದ ಇಲ್ಲದಿದ್ದ ಬಿಸಿ ಇತ್ತು.

“ಹಂಗಾರೆ ಅದು ದೇವ್ರಲ್ಲ. ನೀವು.”

“ಹೌದು, ಬಾಯಮ್ಮ. ನಾನು.”

ಹೊರಡಿ ಎಂದಳು. ಗಂಜಿ ಇಳಿಸಿಟ್ಟು ಹೊರಟೆ. ಸಂಕದ ನಡುವೆ ನಿಂತು ಹಿಂತಿರುಗಿ ನೋಡುವ ಧೈರ್ಯವಾಗಲಿಲ್ಲ. ಆ ದಿನ ಶಾಲೆಯಲ್ಲಿ ಏನು ಪಾಠ ಮಾಡಿದೆನೋ ನೆನಪಿಲ್ಲ. ಹೇಳಿದ್ದು ಆಕೆಯನ್ನು ಉಳಿಸುತ್ತದೋ ಮುಳುಗಿಸುತ್ತದೋ ಎಂದು ತಿಳಿಯದೆ, ಪ್ರತಿ ಪಿರಿಯಡ್ಡಿನ ಕೊನೆಯಲ್ಲೂ ಹಳ್ಳದ ಕಡೆಯಿಂದ ಯಾರಾದರೂ ಓಡಿ ಬರುತ್ತಿದ್ದಾರೆಯೇ ಎಂದು ಕಿಟಕಿಯಿಂದ ನೋಡುತ್ತಿದ್ದೆ.

ಮರುದಿನ ನಸುಕಿನಲ್ಲಿ ಹೋಗಬೇಕೋ ಬೇಡವೋ ಎಂಬ ಪ್ರಶ್ನೆಗೆ ನನ್ನ ಬುದ್ಧಿಯಲ್ಲಿ ಉತ್ತರವಿರಲಿಲ್ಲ. ಕಾಲುಗಳಿಗೆ ಅಭ್ಯಾಸವಾಗಿತ್ತು, ಅವು ಹೋದವು. ಮಂಜು ದಟ್ಟವಾಗಿತ್ತು. ಜಗಲಿಯಲ್ಲಿ ಯಾರೂ ಕಾಣಲಿಲ್ಲ. ಮಡುವಿನ ದಾರಿಯ ಮೇಲೆ ಬಗ್ಗಿ ಕೋಲಿನ ಗುರುತು ಹುಡುಕುತ್ತಿದ್ದೆ. ಒಳಗಿನಿಂದ ದನಿ ಬಂತು.

“ಅಲ್ಲೆಂತ ಹುಡುಕ್ತೀರಿ? ಬಂದು ಕೂತ್ಕಳಿ. ನಾನಿನ್ನೂ ಬಯ್ಯೋದು ಶುರು ಮಾಡಿಲ್ಲ.”

ಅಂದಿನಿಂದ ಆಕೆ ದಿನವೂ ನನ್ನನ್ನು ಬಯ್ದಳು. ಒಲೆಯ ಮುಂದೆ ಕುಳಿತು, ಕೋಲಿನ ತುದಿಯಿಂದ ನೆಲ ಕುಟ್ಟುತ್ತಾ, ನನ್ನ ವಿದ್ಯೆಯನ್ನು, ನನ್ನ ಗೋಡೆಯ ಗೆರೆಗಳನ್ನು, ಕಂಬದಂತೆ ನಿಲ್ಲುತ್ತಿದ್ದ ನನ್ನ ಠೀವಿಯನ್ನು, ನನ್ನ ತಂದೆಯ ಬಡಗಿತನವನ್ನೂ ಬಿಡದೆ ಬಯ್ದಳು. ಸೊಂಟ ನೋಯುವ ದಿನ ಬೈಗುಳ ಹೆಚ್ಚು. ನಾನು ಉತ್ತರ ಕೊಡಬೇಕಾಗಿತ್ತು. ಸುಮ್ಮನಿದ್ದರೆ, ಮತ್ತೆ ಬೀಗ ಹಾಕಿಕೊಂಡಿರಾ ಎಂದು ಕೇಳುತ್ತಿದ್ದಳು. ಮುಗಿದ ಮೇಲೆ ಜಪಸರ ತೆಗೆದುಕೊಂಡು, ಆರಂಭಿಸಿ ಎನ್ನುತ್ತಿದ್ದಳು. ಮಣಿಗಳ ಲೆಕ್ಕ ಎಂದಿನಂತೆ ತಪ್ಪುತ್ತಿತ್ತು. ಆ ಚಳಿಗಾಲದ ನಡುವೆ ಎಂದೋ ಒಂದು ದಿನ ಆಕೆಯ ಬಾಯಿಂದ ಸಭೆಯ ಉತ್ತರ ಮರಳಿ ಬಂತು. ಯಾವ ದಿನವೆಂದು ನಾನು ಗುರುತು ಹಾಕಿಕೊಳ್ಳಲಿಲ್ಲ. ಗೋಡೆಯ ಇದ್ದಿಲಿನ ಗೆರೆಗಳಿಗೆ ಸುಣ್ಣ ಬಳಿದಾಗಿತ್ತು.

ಮುಂದಿನ ಬೇಸಿಗೆಯಲ್ಲಿ ನನಗೆ ತೀರ್ಥಹಳ್ಳಿಗೆ ವರ್ಗವಾಯಿತು. ಬೆಳಗಿನ ಸರದಿಯನ್ನು ಬೇರೆ ಮನೆಯವರು ವಹಿಸಿಕೊಂಡರು. ಹೊರಡುವ ಹಿಂದಿನ ದಿನ, ಪ್ರಾರ್ಥನೆ ಮುಗಿದ ಮೇಲೆ, ಅಷ್ಟು ತಿಂಗಳು ಕೇಳಲಾಗದಿದ್ದದ್ದನ್ನು ಕೇಳಿದೆ. ನನ್ನನ್ನು ಕ್ಷಮಿಸಿದ್ದೀರಾ, ಬಾಯಮ್ಮ?

ಆಕೆ ಮುಖ ಗಂಟಿಕ್ಕಿ ಗಂಜಿಯ ಪಾತ್ರೆಯೊಳಗೆ ನೋಡಿದಳು.

“ದಿನಾ ಬೆಳಿಗ್ಗೆ ಕ್ಷಮಿಸ್ತೀನಿ ಪಂಡಿತ್ರೇ. ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕೋ ಹೊತ್ತಿಗೆ ಸಿಟ್ಟು ವಾಪಸ್ ಬರತ್ತೆ. ಮಧ್ಯಾಹ್ನಕ್ಕೆ ನೀವು ಸಾಯ್ಬೇಕು ಅನ್ಸತ್ತೆ. ಮರುದಿನ ಎದ್ದು ಮತ್ತೆ ಕ್ಷಮಿಸ್ತೀನಿ. ಒಂದೇ ಸರ್ತಿಗೆ ಆಗೋ ಕೆಲಸ ಅಲ್ಲ ಅದು.”

ಗಂಜಿಯನ್ನು ಒಮ್ಮೆ ಕಲಕಿ, ನಾಳೆ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದಳು. ಏಳೂವರೆಗೆ ಎಂದೆ. ಹಾಗಾದರೆ ಬೆಳಿಗ್ಗೆ ಒಮ್ಮೆ ಬಂದು ಹೋಗಲು ಹೊತ್ತಿದೆ, ನಾಳೆಯದು ಇನ್ನೂ ಆಗಿಲ್ಲ ಎಂದಳು.